ಬಾರಿಸಬ್ಯಾಡ ಅಂದವರು, ಬಾರಿಸಲೇಬೇಕು ಅಂದವರು

(ಏಪ್ರಿಲ್ 14ರ ಮೆರವಣಿಗೆಯ ತಯಾರಿಗೆಂದು ಸಿಂಧನೂರಿನಲ್ಲಿ ಸೇರಿದ್ದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಹೆಚ್ಚುಕಮ್ಮಿ ಆಡಿದಂತೆಯೇ ಬರೆದುಕೊಟ್ಟಿದ್ದೇನೆ.)



ನಾನು ಭಾಷಣಕಾರ ಅಲ್ಲ. ಬಿ.ಎ. ಮುಗಿಸಿದ್ದೇನೆ, ನಾಲ್ಕು ಪದ್ಯ ಬರೆದಿದ್ದೇನೆ, ಆ ನಾಲ್ಕರಲ್ಲಿ ಎರಡು ಹರಿದು ಹಾಕುವಂಥವು. ಆದರೂ ಇವತ್ತು ಮಾತಾಡಲೇಬೇಕಾಗಿದೆ. ಹೋದ ಭಾನುವಾರ ಇದೇ ಕೋಣೆಯಲ್ಲಿ ಒಂದು ಜಗಳ ಆಯಿತು. ಲಿಂಗಸುಗೂರಿನವರು, ಮಸ್ಕಿಯವರು, ಸಿಂಧನೂರಿನ ಕ್ಯಾಂಪುಗಳ ಕಡೆಯವರು ಎಲ್ಲ ಇದ್ದಿರಿ. ಜಯಂತಿ ಮೆರವಣಿಗೆಗೆ ಡಿಜೆ ತರಿಸೋಣ ಅಂತ ಅರ್ಧ ಜನ, ಹಲಗಿ ಇರಲಿ ಅಂತ ಅರ್ಧ ಜನ. ಹಲಗಿ ಬೇಕು ಅಂದವರಲ್ಲಿ ನಾನೂ ಒಬ್ಬ. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. 'ಅಣ್ಣಾ, ನಮ್ಮಪ್ಪ ಬಾರಿಸಿದ್ದು ಸಾಲದೇನು? ನಾನೂ ಬಾರಿಸಬೇಕೇನು? ಕವಿತಿ ಬರಿಯೋರಿಗೆ ಹಲಗಿ ಚಂದ ಕಾಣತೈತಿ, ಬಡಿಯೋ ಕೈಗೆ ಕಾಣಂಗಿಲ್ಲ' ಅಂದ. ನನ್ನ ಬಾಯಿ ಕಟ್ಟಿತು. ಅವನ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಆ ಹುಡುಗನಿಗೆ ಇವತ್ತು ಉತ್ತರ ಹೇಳಲು ನೋಡುತ್ತೇನೆ. ಸೀದಾ ಹೇಳಲು ನನಗೆ ಬರುವುದಿಲ್ಲ. ಬೆಂಗಳೂರಿಗೆ ಹೋಗಿ, ಅಲ್ಲಿಂದ ಅಮೇರಿಕಾ ಸುತ್ತಿ, ಮತ್ತೆ ನಮ್ಮ ಓಣಿಗೆ ಬರಬೇಕು. ಸ್ವಲ್ಪ ತಾಳಿಕೊಳ್ಳಿ.

ಎರಡು ತಿಂಗಳ ಹಿಂದೆ ಒಂದು ಕೆಲಸದ ಇಂಟರ್‌ವ್ಯೂಗೆ ಬೆಂಗಳೂರಿಗೆ ಹೋಗಿದ್ದೆ. ಕೆಲಸ ಸಿಗಲಿಲ್ಲ, ಆ ಕತೆ ಬಿಡಿ. ಕಾಲೇಜಿನಲ್ಲಿ ನನ್ನ ಜೊತೆ ಓದಿದವನೊಬ್ಬ ಅಲ್ಲಿ ಸಭಾಂಗಣಗಳಿಗೆ ಮೈಕು, ವೈರು ಕಟ್ಟುವ ಕೆಲಸ ಮಾಡುತ್ತಾನೆ. 'ಸಂಜಿಕೆ ಪುಗಸಟ್ಟೆ ಪಾಸ್ ಐತಿ, ಬಾ. ಅಮೇರಿಕಾದ ಹಳೇ ಜಾಝ್, ನೂರು ವರ್ಷದ ಹಿಂದಿಂದು, ದೊಡ್ಡ ಆರ್ಕೆಸ್ಟ್ರಾ' ಅಂದ. ಆರ್ಕೆಸ್ಟ್ರಾ ಅಂದರೆ ನಮಗೆಲ್ಲ ಗೊತ್ತಿರುವುದು ಜಾತ್ರೆಯಲ್ಲಿ ರಾಜಕುಮಾರ್ ಹಾಡು ಹಾಡುವ ರಸಮಂಜರಿ. ಅದೇ ಇರಬೇಕು, ಇಂಗ್ಲಿಷಿನಲ್ಲಿ ಹಾಡುತ್ತಾರೆ ಅಂತ ತಿಳಿದು ಹೋದೆ. ಟಿಕೀಟು ಎಂಟುನೂರು ರೂಪಾಯಿ ಅಂತ ಬೋರ್ಡಿನಲ್ಲಿ ಬರೆದಿತ್ತು. ನಮ್ಮವ್ವ ಎರಡು ದಿನ ಬಗ್ಗಿ ಹತ್ತಿ ಬಿಡಿಸಿದರೂ ಅಷ್ಟು ಕೈಗೆ ಬರುವುದಿಲ್ಲ.

ಬಾಗಿಲಲ್ಲಿ ಕಾವಲಿಗೆ ನಿಂತವನು ನನ್ನ ಚಪ್ಪಲಿ ನೋಡಿದ, ಅಂಗಿ ನೋಡಿದ, ಪಾಸು ಕೇಳಿದ. 'ಯಾರದಿದು?' ಅಂದ. 'ನಂದ' ಅಂದೆ. ಆ ಒಂದು 'ನಂದ' ಸಾಕಾಯಿತು.

'ಯಾವೂರು ತಮ್ಮಾ?'

'ಮಸ್ಕಿ ಕಡೆ ಕಾಕಾ. ನಿಮ್ದು?'

'ಲಿಂಗಸುಗೂರು ತಾಲೂಕು. ಗುಳೆ ಬಂದು ಒಂಬತ್ತು ವರ್ಷ ಆತು. ಮೊದಲ ಗಾರೆ ಕೆಲಸ ಮಾಡತಿದ್ದೆ. ಸೊಂಟ ಹೋತು, ಈಗ ಇಲ್ಲಿ ನಿಂತೀನಿ.'

ಅಷ್ಟರಲ್ಲಿ ಒಳಗಿನಿಂದ ಬಡಿತ ಕೇಳಿಸಿತು. ಆತ ಕಿವಿ ನಿಮಿರಿಸಿ, 'ಒಳಗ ಹಲಗಿ ಬಾರಸ್ತಾರೇನು?' ಅಂದ. 'ಹಲಗಿ ಅಲ್ಲ ಕಾಕಾ, ಡ್ರಮ್ಮು' ಅಂದೆ. 'ಯಾವುದಾದರೇನು, ತೊಗಲ ಅಲ್ಲೇನು' ಅಂದ. (ಈಗ ಅದು ತೊಗಲಲ್ಲ, ಪ್ಲಾಸ್ಟಿಕ್ಕು. ನಮ್ಮ ಹಲಗಿಗೂ ಅದೇ ಗತಿ ಬಂದಿದೆಯಲ್ಲ.) ನಾನು ಒಳಗೆ ಹೋದೆ, ಆತ ಹೊರಗೇ ಉಳಿದ. ಆ ಸಂಜೆಯೆಲ್ಲ ನನಗೆ ಒಂದು ಕಿವಿ ಬಾಗಿಲ ಕಡೆಗೇ ಇತ್ತು.

ವೇದಿಕೆಯ ಮೇಲೆ ಮೊದಲು ಏಳು ಜನ ಬಂದರು, ಆಮೇಲೆ ಇನ್ನಷ್ಟು ಜನ ಸೇರಿಕೊಂಡರು. ಕೆಲವರು ಹೊರದೇಶದವರು, ಕೆಲವರು ಬೆಂಗಳೂರಿನವರೇ. ಒಬ್ಬನ ಕೈಯಲ್ಲಿ ಕಾರ್ನೆಟ್ಟು, ಅಂದರೆ ನಮ್ಮ ಮದುವೆ ಬ್ಯಾಂಡಿನ ಟ್ರಂಪೆಟ್ಟಿನ ಗಿಡ್ಡ ತಮ್ಮ. ಒಬ್ಬನದು ಕ್ಲಾರಿನೆಟ್ಟು, ಒಬ್ಬನದು ಉದ್ದಕ್ಕೆ ಎಳೆದು ಬಿಡುವ ಟ್ರೊಂಬೋನು. ಹಿಂದೆ ಪಿಯಾನೊ, ಬ್ಯಾಂಜೊ, ಮೈಗೆ ಸುತ್ತಿಕೊಂಡ ಟೂಬಾ, ಡ್ರಮ್ಮು. ಶುರು ಮಾಡಿದರು ನೋಡಿ, ನನಗೆ ಮೊದಲು ಗದ್ದಲ ಅನ್ನಿಸಿತು. ಎಲ್ಲರೂ ಒಂದೇ ಸಲಕ್ಕೆ ಮಾತಾಡುತ್ತಿದ್ದಾರೆ. ನಮ್ಮ ಓಣಿಯ ನಳದ ಹತ್ತಿರ ಬೆಳಿಗ್ಗೆ ಆರಕ್ಕೆ ಹೋಗಿ ನಿಲ್ಲಿರಿ, ಕೊಡ ಹಿಡಿದ ಹೆಂಗಸರು ಒಬ್ಬರ ಮಾತಿನ ಮೇಲೆ ಒಬ್ಬರು ಆಡುತ್ತಿರುತ್ತಾರೆ. ಹೊರಗಿನವನಿಗೆ ಅದು ಗಲಾಟೆ. ಆದರೆ ಒಬ್ಬಾಕೆ ಆಡಿದ ಒಂದು ಮಾತೂ ಇನ್ನೊಬ್ಬಾಕೆಗೆ ತಪ್ಪಿರುವುದಿಲ್ಲ. ಹಾಗೆ. ಕಾರ್ನೆಟ್ಟಿನವನು ಧಾಟಿ ಹಿಡಿದು ನಡೆಯುತ್ತಾನೆ, ಕ್ಲಾರಿನೆಟ್ಟು ಅವನ ತಲೆಯ ಮೇಲೆ ಗುಬ್ಬಿಯಂತೆ ಹಾರಾಡುತ್ತದೆ, ಟ್ರೊಂಬೋನು ಕೆಳಗಿನಿಂದ ಕೋಣದಂತೆ ಹೂಂಕರಿಸುತ್ತದೆ. ಬರೆದಿಟ್ಟದ್ದನ್ನು ಓದುತ್ತಿಲ್ಲ. ಅಲ್ಲೇ, ಆ ಗಳಿಗೆಯಲ್ಲೇ, ಮೂರೂ ಜನ ಒಬ್ಬರ ಬಾಯಿ ಒಬ್ಬರು ನೋಡಿಕೊಂಡು ಕಟ್ಟುತ್ತಿದ್ದಾರೆ. ಅದಕ್ಕೆ ಒಪ್ಪಂದ ಇದೆ: ಯಾರೂ ಯಾರ ಕಾಲನ್ನೂ ತುಳಿಯಬಾರದು.

ಮತ್ತೆ ಆ ಪೆಟ್ಟು. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ ನೋಡಿ. ಸಾಲೆಯ ಕವಾಯತಿನಲ್ಲಿ ನಾವು ಒಂದಕ್ಕೆ, ಮೂರಕ್ಕೆ ಕಾಲು ಬಡಿದು ಕಲಿತವರು. ಇವರು ಒತ್ತುವುದು ಎರಡಕ್ಕೆ, ನಾಲ್ಕಕ್ಕೆ. ಸಭೆಯಲ್ಲಿದ್ದ ದೊಡ್ಡ ಮನುಷ್ಯರು ಚಪ್ಪಾಳೆ ಹಾಕತೊಡಗಿದರು, ಕವಾಯತಿನ ಹಾಗೆಯೇ, ಒಂದಕ್ಕೆ ಮತ್ತು ಮೂರಕ್ಕೆ. ನನ್ನ ಬೆರಳು ಮಾತ್ರ ಕುರ್ಚಿಯ ಕೈ ಮೇಲೆ ಬೇರೆ ಕಡೆ ಬೀಳುತ್ತಿತ್ತು. ಹಲಗಿಯಲ್ಲಿ ಬಲಗೈ ಕೋಲು ನಡುವೆ ಬೀಳುತ್ತದೆ, ಎಡಗೈಯ ತೆಳ್ಳನೆ ಕಡ್ಡಿ ಅದರ ಸಂದಿಯಲ್ಲಿ ಅಂಚಿಗೆ ಬೀಳುತ್ತದೆ. ಆ ಸಂದಿ ಇಲ್ಲದಿದ್ದರೆ ಕುಣಿಯಲು ಕಾಲೇ ಏಳುವುದಿಲ್ಲ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಕುಣಿದವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೀವನದಲ್ಲಿ ಮೊದಲ ಸಲ, ಎಂಟುನೂರು ರೂಪಾಯಿ ಕೊಟ್ಟು ಕುಂತವರಿಗಿಂತ ನನಗೆ ಹೆಚ್ಚು ತಿಳಿಯುತ್ತಿದೆ ಅನ್ನಿಸಿತು. ಸೊಕ್ಕು ಅಂತೀರೇನೋ. ಇರಲಿ, ಒಂದು ಸಂಜೆಯ ಸೊಕ್ಕು.

ಸಿಟ್ಟು ಬಂದದ್ದು ನಡುನಡುವೆ ಮಾತಾಡುತ್ತಿದ್ದ ನಿರೂಪಕನ ಮೇಲೆ. ಪ್ರತಿ ಹಾಡಿಗೂ 'ಇದು ಸಂತೋಷದ ಸಂಗೀತ, ಪಾರ್ಟಿಯ ಸಂಗೀತ' ಅಂತ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಯಾರು ಕಟ್ಟಿದರು, ಯಾವ ಕೇರಿಯಲ್ಲಿ ಕಟ್ಟಿದರು, ಅದನ್ನು ಎರಡೂವರೆ ತಾಸಿನಲ್ಲಿ ಒಂದು ಸಲವೂ ಹೇಳಲಿಲ್ಲ. ಊರಿಗೆ ಬಂದ ಮೇಲೆ ಲೈಬ್ರರಿಯಲ್ಲಿ ಹುಡುಕಿ ಓದಿದೆ, ಮೊಬೈಲಿನಲ್ಲಿ ಹಳೆಯ ರೆಕಾರ್ಡು ಕೇಳಿದೆ. ಓದುತ್ತಾ ಹೋದ ಹಾಗೆ ನಮ್ಮ ಜಗಳದ ಹುಡುಗನ ಮಾತೇ ಎದುರಿಗೆ ಬಂದು ನಿಲ್ಲುತ್ತಿತ್ತು.

ಕೇಳಿ. ಆಫ್ರಿಕಾದಿಂದ ಸರಪಳಿ ಹಾಕಿ ತಂದ ಜನ ಅವರು. 1739ರಲ್ಲಿ ಸೌತ್ ಕ್ಯಾರೊಲಿನಾದ ಸ್ಟೋನೊ ಎಂಬಲ್ಲಿ ಗುಲಾಮರು ದಂಗೆ ಎದ್ದರು, ನಗಾರಿ ಬಾರಿಸಿ ಒಬ್ಬರನ್ನೊಬ್ಬರು ಕರೆದರು. ದಂಗೆ ಮುರಿದ ಮೇಲೆ 1740ರಲ್ಲಿ ಒಡೆಯರು ಕಾಯ್ದೆ ಮಾಡಿದರು: ಗುಲಾಮರು ನಗಾರಿ, ಕಹಳೆ ಬಾರಿಸಕೂಡದು, ಇಟ್ಟುಕೊಳ್ಳಕೂಡದು. ಚರ್ಮದ ಸದ್ದಿಗೆ ಧಣಿ ಅಷ್ಟು ಹೆದರಿದ್ದ. ನ್ಯೂ ಆರ್ಲಿಯನ್ಸ್ ಎಂಬ ಊರಿನಲ್ಲಿ ಮಾತ್ರ ಒಂದು ಬಯಲಿತ್ತು, ಕಾಂಗೊ ಸ್ಕ್ವೇರ್ ಅಂತ. ಗುಲಾಮರು ಭಾನುವಾರ ಅಲ್ಲಿ ಸೇರಿ ಬಾರಿಸುತ್ತಿದ್ದರು, ಕುಣಿಯುತ್ತಿದ್ದರು. 1817ರಲ್ಲಿ ಅದಕ್ಕೂ ಕಟ್ಟು ಬಂತು: ಭಾನುವಾರ ಮಾತ್ರ, ಗೊತ್ತುಮಾಡಿದ ಒಂದೇ ಜಾಗದಲ್ಲಿ, ಹೊತ್ತು ಮುಳುಗುವ ತನಕ ಮಾತ್ರ.

ನಮ್ಮಲ್ಲಿ ಏನಾಯಿತು? ಇದರ ತಿರುಗಾಮುರುಗಾ. ಅಲ್ಲಿ ಬಾರಿಸಬ್ಯಾಡ ಅಂತ ಕಾಯ್ದೆ, ಇಲ್ಲಿ ಬಾರಿಸಲೇಬೇಕು ಅಂತ ಕಟ್ಟಳೆ. ಊರ ದೇವರು ಎದ್ದರೆ ಬಾರಿಸು, ಗೌಡರ ಮನೆಯಲ್ಲಿ ಹೆಣ ಬಿದ್ದರೆ ಬಾರಿಸು, ಚಾವಡಿಯವರು ಹೇಳಿದರೆ ಡಂಗುರ ಸಾರು. ದೇವರ ಮುಂದೆ ಬಾರಿಸು, ದೇವರ ಗುಡಿಯೊಳಗೆ ಬರಬ್ಯಾಡ. ಬಾರಿಸಿದ್ದಕ್ಕೆ ಮೊರದಲ್ಲಿ ಒಂದಿಷ್ಟು ಜೋಳ, ಇಲ್ಲವೇ ಮಿಕ್ಕ ಅಡುಗೆ. ಆದ್ದರಿಂದ ಅವರ ಬಂಡಾಯ ಬಾರಿಸುವುದರಲ್ಲಿತ್ತು, ನಮ್ಮ ಹಿರಿಯರ ಬಂಡಾಯ ಬಾರಿಸದೇ ಇರುವುದರಲ್ಲಿತ್ತು.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನಮ್ಮಪ್ಪನಿಗೆ ಹೊಸದಾಗಿ ಮದುವೆಯಾಗಿತ್ತು, ನಾನಿನ್ನೂ ಹುಟ್ಟಿರಲಿಲ್ಲ. ಊರಿನ ದೊಡ್ಡ ಮನೆಯಲ್ಲಿ ಒಬ್ಬರು ತೀರಿಕೊಂಡರು. ಹೇಳಿಕಳಿಸಿದರು. ನಮ್ಮ ಓಣಿಯ ಆರು ಮನೆಯವರು ಹೋಗಲಿಲ್ಲ. 'ಹಲಗಿ ಹರದೈತ್ರಿ' ಅಂತ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. 'ಇನ್ನ ಬಾರಸಂಗಿಲ್ಲ' ಅಂದರು. ಮರುದಿನದಿಂದ ಕಿರಾಣಿ ಅಂಗಡಿ ಬಂದ್, ಹಿಟ್ಟಿನ ಗಿರಣಿ ಬಂದ್, ಹೊಲದ ಕೂಲಿ ಬಂದ್. ಎರಡು ತಿಂಗಳು ನೋಡಿ, ಕೊನೆಗೆ ಆರು ಮನೆಯೂ ಬೀಗ ಹಾಕಿ ಗುಳೆ ಹೋದವು. ಹೋಗುವಾಗ ನಮ್ಮಪ್ಪ ಹಲಗಿಯನ್ನು ಸುಡಲಿಲ್ಲ, ಮಾರಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟ. ಯಾಕೆ ಇಟ್ಟೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಆದ್ದರಿಂದ ತಮ್ಮಾ, ನಿನ್ನ ಪ್ರಶ್ನೆ ನಮ್ಮ ಮನೆಯ ಅಟ್ಟದ ಮೇಲೂ ಇತ್ತು.

ಈಗ ನ್ಯೂ ಆರ್ಲಿಯನ್ಸಿಗೆ ವಾಪಸ್ಸು ಹೋಗೋಣ. ಅಮೇರಿಕಾದ ಅಂತರ್ಯುದ್ಧ 1865ರಲ್ಲಿ ಮುಗಿದು ಗುಲಾಮಗಿರಿ ಹೋಯಿತು. ಕಪ್ಪು ಜನ ತಮ್ಮ ತಮ್ಮ ಕೇರಿಗಳಲ್ಲಿ ಸಂಘ ಕಟ್ಟಿಕೊಂಡರು. ತಿಂಗಳಿಗಿಷ್ಟು ಚಂದಾ. ಸದಸ್ಯ ಕಾಯಿಲೆ ಬಿದ್ದರೆ ಔಷಧಿಗೆ ದುಡ್ಡು, ಸತ್ತರೆ ಮಣ್ಣಿಗೆ ದುಡ್ಡು, ಮಣ್ಣಿನ ಮೆರವಣಿಗೆಗೆ ಬ್ಯಾಂಡು. ಸ್ಮಶಾನಕ್ಕೆ ಹೋಗುವಾಗ ನಿಧಾನ, ಅಳುವ ಧಾಟಿ. ಮಣ್ಣು ಮಾಡಿ ತಿರುಗಿದ ಮೇಲೆ ಡ್ರಮ್ಮಿನವನು ಒಂದು ಉರುಳು ಬಾರಿಸುತ್ತಾನೆ, ಬ್ಯಾಂಡು ಎಗರಿ ಬೀಳುತ್ತದೆ, ಹಿಂದೆ ಓಣಿಯ ಹುಡುಗರೆಲ್ಲ ಕುಣಿಯುತ್ತ ಬರುತ್ತಾರೆ. ಗಮನಿಸಬೇಕಾದ್ದು ಇಷ್ಟು: ಸತ್ತವನು ಅವರವನು, ಬಾರಿಸುವವನು ಅವರವನು, ದುಡ್ಡು ಅವರ ಚಂದಾದ್ದು. ಯಾವ ಗೌಡನೂ ಹೇಳಿಕಳಿಸಿಲ್ಲ. ನಾವು ಇಲ್ಲಿ ಹೆಣದ ಮುಂದೆ ಬಾರಿಸುವುದಕ್ಕೂ ಅವರು ಅಲ್ಲಿ ಬಾರಿಸಿದ್ದಕ್ಕೂ ವ್ಯತ್ಯಾಸ ತಾಳದಲ್ಲಿಲ್ಲ, ಕರೆ ಕಳಿಸಿದವನು ಯಾರು ಎಂಬುದರಲ್ಲಿದೆ.

ಅದೇ ಊರಿನಲ್ಲಿ ಹೋಮರ್ ಪ್ಲೆಸ್ಸಿ ಅಂತ ಒಬ್ಬ ಬೂಟು ಹೊಲಿಯುವವನಿದ್ದ. ಹೌದು, ನಮ್ಮ ಕಸುಬಿನವನು. 1892ರಲ್ಲಿ ಬಿಳಿಯರ ರೈಲು ಡಬ್ಬಿಯಲ್ಲಿ ಬೇಕೆಂದೇ ಹತ್ತಿ ಕುಳಿತ. ಹಿಡಿದರು. ಕೇಸು ಸುಪ್ರೀಂ ಕೋರ್ಟಿನ ತನಕ ಹೋಯಿತು. 1896ರಲ್ಲಿ ಕೋರ್ಟು ಏನು ಹೇಳಿತು ಗೊತ್ತೇ? ಬೇರೆ ಕೂಡ್ರಿಸುವುದು ತಪ್ಪಲ್ಲ, ಸಮ ಇದ್ದರಾಯಿತು ಅಂತ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟವರೂ ಇದನ್ನೇ ಹೇಳುತ್ತಿದ್ದರು: ಚಹಾ ಒಂದೇ ಅಲ್ಲೇನು, ಲೋಟ ಬ್ಯಾರೆ ಆದರೇನಾತು. ಇಂಥ ಕಾಯ್ದೆಗಳ ಒತ್ತಡದಲ್ಲಿ, ಕೊಂಚ ಅನುಕೂಲವಾಗಿದ್ದ, ಬರೆದ ಸಂಗೀತ ಓದಬಲ್ಲ ಮಿಶ್ರ ರಕ್ತದ ಕ್ರಿಯೋಲ್ ಜನವೂ ಕಪ್ಪು ಜನದ ಸಾಲಿಗೇ ತಳ್ಳಿಸಿಕೊಂಡರು. ಓದಿ ನುಡಿಸುವವರೂ ಕಿವಿಯಿಂದ ನುಡಿಸುವವರೂ ಒಂದೇ ಬ್ಯಾಂಡಿನಲ್ಲಿ ಸೇರಿದರು. ಜಾಝ್ ಹುಟ್ಟಿದ್ದು ಆ ಕೂಡಿಕೆಯಲ್ಲಿ.

ಅಲ್ಲಿ ಬಡ್ಡಿ ಬೋಲ್ಡನ್ ಅಂತ ಒಬ್ಬ ಕಾರ್ನೆಟ್ಟಿನವನು. ಊರಿಗೆಲ್ಲ ಅವನೇ ದೊರೆ. 1907ರಲ್ಲಿ ಬುದ್ಧಿ ಕೆಟ್ಟು ಆಸ್ಪತ್ರೆ ಸೇರಿದ, 1931ರಲ್ಲಿ ಅಲ್ಲೇ ಸತ್ತ. ಅವನ ಒಂದೇ ಒಂದು ರೆಕಾರ್ಡೂ ಉಳಿದಿಲ್ಲ. ಗೋರಿಗೆ ಗುರುತಿನ ಕಲ್ಲೂ ಇರಲಿಲ್ಲ. ಮೊಟ್ಟಮೊದಲ ಜಾಝ್ ರೆಕಾರ್ಡು ಬಂದದ್ದು 1917ರಲ್ಲಿ, ನುಡಿಸಿದವರು ಐದು ಜನ ಬಿಳಿಯರು. ಅವರ ಮುಖಂಡ ಮುಂದೆ ಜಾಝನ್ನು ಕಂಡುಹಿಡಿದದ್ದು ನಾವೇ, ಕರಿಯರಲ್ಲ ಅಂತ ಸಾಧಿಸುತ್ತ ಹೋದ. 1920ರ ದಶಕದಲ್ಲಿ ಪತ್ರಿಕೆಗಳು ಜಾಝಿನ ರಾಜ ಅಂತ ಕಿರೀಟ ತೊಡಿಸಿದ್ದು ಪಾಲ್ ವೈಟ್‌ಮನ್ ಎಂಬ ದೊಡ್ಡ ಆರ್ಕೆಸ್ಟ್ರಾದವನಿಗೆ. ಹೆಸರೇ ವೈಟ್‌ಮನ್! ಇದು ನಾನು ಕಟ್ಟಿದ ಹಾಸ್ಯ ಅಲ್ಲ. ಮನುಷ್ಯ ಕೆಟ್ಟವನಲ್ಲ, ಒಳ್ಳೆಯ ಸಂಗೀತಗಾರನೇ. ಆದರೆ ರಾಜ?

ಇಲ್ಲಿ ನಿಮ್ಮಂಥ ಒಬ್ಬ ಹಾಸ್ಟೆಲ್ ಹುಡುಗನ ಸಂಗತಿ ಹೇಳಬೇಕು. ಲೂಯಿ ಆರ್ಮ್‌ಸ್ಟ್ರಾಂಗ್, 1901ರಲ್ಲಿ ನ್ಯೂ ಆರ್ಲಿಯನ್ಸಿನ ಕಡುಬಡ ಓಣಿಯಲ್ಲಿ ಹುಟ್ಟಿದವನು. ತಂದೆ ಬಿಟ್ಟುಹೋಗಿದ್ದ, ತಾಯಿ ಅವರಿವರ ಮನೆಯಲ್ಲಿ ದುಡಿಯುತ್ತಿದ್ದಳು. 1912ರ ಕೊನೆಯ ರಾತ್ರಿ, ಹೊಸ ವರ್ಷದ ಗಲಾಟೆಯಲ್ಲಿ, ಆಕಾಶಕ್ಕೆ ಪಿಸ್ತೂಲು ಹಾರಿಸಿದ. ಹನ್ನೊಂದು ವರ್ಷದ ಹುಡುಗನನ್ನು ಪೊಲೀಸರು ಹಿಡಿದು ಕಪ್ಪು ಮಕ್ಕಳ ನಿಲಯಕ್ಕೆ ಹಾಕಿದರು. ಅಲ್ಲಿ ಒಂದು ಬ್ಯಾಂಡು ಇತ್ತು, ಪೀಟರ್ ಡೇವಿಸ್ ಎಂಬ ಮೇಷ್ಟ್ರು ಅವನ ಕೈಗೆ ಕಾರ್ನೆಟ್ಟು ಕೊಟ್ಟರು. ವಾರ್ಡನ್ನಿನ ಶಿಸ್ತು, ತೆಳ್ಳನೆ ಸಾರು, ಸಾಲುಮಂಚ, ಎಲ್ಲ ನಮ್ಮ ಹಾಗೇ ಇದ್ದಿರಬೇಕು. 1922ರಲ್ಲಿ ಅವನು ರೈಲು ಹತ್ತಿ ಷಿಕಾಗೊಗೆ ಹೋದ. ಅವನೊಬ್ಬನೇ ಅಲ್ಲ. 1910ರಿಂದ 1970ರೊಳಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣದ ಹತ್ತಿ ಹೊಲ, ಗೇಣಿ, ಮರಕ್ಕೆ ನೇತುಹಾಕಿ ಕೊಲ್ಲುವ ಗುಂಪುಗಳನ್ನು ಬಿಟ್ಟು ಬೇರೆ ಕಡೆ ಹೋದರು, ಹೆಚ್ಚಾಗಿ ಉತ್ತರದ ಪಟ್ಟಣಗಳಿಗೆ. ಲಿಂಗಸುಗೂರು, ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಗಂಟುಮೂಟೆ ಹೊತ್ತು ಬೆಂಗಳೂರು ಬಸ್ಸಿಗೆ ಕಾಯುವವರನ್ನು ನೋಡಿದ್ದೀರಲ್ಲ, ಅದು. ಅವರ ಗುಳೆಯ ಜೊತೆ ಸಂಗೀತವೂ ಗುಳೆ ಹೋಯಿತು.

ಷಿಕಾಗೊದಲ್ಲಿ ಕಿಂಗ್ ಆಲಿವರನ ಬ್ಯಾಂಡಿನಲ್ಲಿ ಆರ್ಮ್‌ಸ್ಟ್ರಾಂಗ್ ಎರಡನೇ ಕಾರ್ನೆಟ್ಟು. ಪಿಯಾನೊಕ್ಕೆ ಲಿಲ್ ಹಾರ್ಡಿನ್ ಎಂಬ ಹೆಣ್ಣುಮಗಳು, ಕಾಲೇಜು ಮೆಟ್ಟಿಲು ಹತ್ತಿದವಳು. ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಬಂದವರು ಈ ಹೆಸರು ಬರೆದುಕೊಳ್ಳಿ. ಮುಂದೆ ಆರ್ಮ್‌ಸ್ಟ್ರಾಂಗನನ್ನು ಮದುವೆಯಾಗಿ, ನೀನು ಇನ್ನೊಬ್ಬನ ಹಿಂದೆ ನಿಲ್ಲಬೇಡ ಅಂತ ಆಲಿವರನ ಬ್ಯಾಂಡಿನಿಂದ ಹೊರಗೆ ತಂದವಳು ಅವಳೇ. 1923ರ ಏಪ್ರಿಲಿನಲ್ಲಿ ಈ ಬ್ಯಾಂಡು ಇಂಡಿಯಾನಾದ ರಿಚ್ಮಂಡ್ ಎಂಬ ಊರಿಗೆ ರೆಕಾರ್ಡು ಮಾಡಲು ಹೋಯಿತು. ರೈಲು ಹಳಿಯ ಪಕ್ಕದ ಸ್ಟುಡಿಯೊ, ರೈಲು ಬಂದರೆ ಕೆಲಸ ನಿಲ್ಲಿಸಬೇಕು. ಆಗ ಮೈಕು ಇಲ್ಲ, ಒಂದು ದೊಡ್ಡ ಕೊಂಬಿನ ಬಾಯಿಗೆ ನುಡಿಸಬೇಕು. ಆರ್ಮ್‌ಸ್ಟ್ರಾಂಗನ ಸದ್ದು ಜೋರಾಯಿತು ಅಂತ ಅವನನ್ನು ಉಳಿದವರಿಂದ ದೂರ ನಿಲ್ಲಿಸಿದರು. ಡ್ರಮ್ಮಿನವನು ಬೇಬಿ ಡಾಡ್ಸ್. ಅವನು ದೊಡ್ಡ ಡ್ರಮ್ಮು ಬಡಿದರೆ ಮೇಣದ ಮೇಲೆ ಕೊರೆಯುವ ಮುಳ್ಳು ಹಾರಿಬೀಳುತ್ತದೆ ಅಂತ ಅದನ್ನು ಬಿಡಿಸಿ, ಕಟ್ಟಿಗೆಯ ತುಂಡು ಬಡಿ ಅಂದರು. ಇನ್ನೊಂದು ಸಂಗತಿ ಇದೆ. ಅದೇ ಕಂಪನಿ ಅದೇ ದಶಕದಲ್ಲಿ ದುಡ್ಡು ತೆಗೆದುಕೊಂಡು ಕು ಕ್ಲಕ್ಸ್ ಕ್ಲಾನಿನವರ ಹಾಡುಗಳಿಗೂ ರೆಕಾರ್ಡು ಮಾಡಿಕೊಟ್ಟಿತು. ಬಂಡವಾಳಕ್ಕೆ ಎರಡೂ ಒಂದೇ.

ದೊಡ್ಡ ಆರ್ಕೆಸ್ಟ್ರಾದ ಮಾತು ಬಂದರೆ ಡ್ಯೂಕ್ ಎಲಿಂಗ್ಟನ್. ನಾನು ಕೇಳಿದ ಸಂಜೆಯ ಎರಡನೇ ಭಾಗ ಹೆಚ್ಚುಕಮ್ಮಿ ಅವನದೇ ಕಾಲದ್ದು. 1927ರಿಂದ ನ್ಯೂಯಾರ್ಕಿನ ಹಾರ್ಲೆಮಿನಲ್ಲಿ, ಕಪ್ಪು ಜನದ ಕೇರಿಯ ನಡುವೆಯೇ ಇದ್ದ ಕಾಟನ್ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ. ನುಡಿಸುವವರು, ಕುಣಿಯುವವರು, ತಟ್ಟೆ ಎತ್ತುವವರು ಕಪ್ಪು. ಕುರ್ಚಿಯಲ್ಲಿ ಕುಳಿತು ನೋಡುವವರು ಬಿಳಿಯರು ಮಾತ್ರ. ಹೆಸರು ನೋಡಿ, ಕಾಟನ್, ಹತ್ತಿ. ಯಾವ ಹೊಲ ಬಿಟ್ಟು ಓಡಿಬಂದರೋ ಆ ಹೊಲದ ಹೆಸರೇ ಬಾಗಿಲ ಮೇಲೆ. ದೇವರ ಪಲ್ಲಕ್ಕಿ ಮುಂದೆ ಬಾರಿಸಿ ಗುಡಿಯ ಕಟ್ಟೆಗೇ ನಿಂತವರಿಗೆ ಇದು ಹೊಸ ಸುದ್ದಿ ಏನಲ್ಲ.

ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದಲು ಬಂದದ್ದು 1913ರಲ್ಲಿ, ಆ ವಿಶ್ವವಿದ್ಯಾಲಯ ಇರುವುದು ಹಾರ್ಲೆಮಿಗೆ ತಾಗಿಯೇ. ಅದರ ಹಿಂದಿನ ವರ್ಷ ಜೇಮ್ಸ್ ರೀಸ್ ಯುರೋಪ್ ಎಂಬ ಕಪ್ಪು ಸಂಗೀತಗಾರ ನೂರಕ್ಕೂ ಹೆಚ್ಚು ಕಪ್ಪು ವಾದ್ಯಗಾರರನ್ನು ಅದೇ ನಗರದ ಕಾರ್ನೆಗಿ ಹಾಲಿಗೆ ನುಗ್ಗಿಸಿದ್ದ. ಅವರ ಕೈಯಲ್ಲಿದ್ದ ವಾದ್ಯಗಳಲ್ಲಿ ಬ್ಯಾಂಜೊಗಳೂ ಇದ್ದವು. ಬ್ಯಾಂಜೊ ಎಲ್ಲಿಂದ ಬಂತು ಅಂದುಕೊಂಡಿರಿ? ಆಫ್ರಿಕಾದ ಗುಲಾಮರು ಸೋರೆಬುರುಡೆಗೆ ತೊಗಲು ಬಿಗಿದು, ತಂತಿ ಕಟ್ಟಿ ಮಾಡಿಕೊಂಡದ್ದು ಅದು. ಮುಂದೆ 1946ರಲ್ಲಿ ಬಾಬಾಸಾಹೇಬರು ಕಪ್ಪು ಜನದ ನಾಯಕ ಡು ಬೊಯಿಸ್ ಅವರಿಗೆ ಕಾಗದ ಬರೆದರು. ನಿಮ್ಮವರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕು ಅಂತ ಕೇಳಿದ್ದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ತಮ್ಮ ಸಂಘಟನೆಗೆ ಪ್ಯಾಂಥರ್ ಅಂತ ಹೆಸರಿಟ್ಟದ್ದೂ ಅಲ್ಲಿಯ ಕಪ್ಪು ಹುಡುಗರಿಂದಲೇ. ಅವರ ಹೋರಾಟ ನಮಗೆ ಹೀಗೆ ಬಂತು. ಅವರ ಹಾಡು ಮಾತ್ರ ನಮ್ಮ ಹೆಸರಿಗೆ ಬರಲಿಲ್ಲ, ಎಂಟುನೂರರ ಕುರ್ಚಿಯವರ ಹೆಸರಿಗೆ ಬಂತು.

ಅದೂ ಪೂರ್ತಿ ನಿಜ ಅಲ್ಲವೇನೋ. 1935ರಲ್ಲಿ ಲಿಯಾನ್ ಅಬ್ಬೆ ಎಂಬ ಕಪ್ಪು ಪಿಟೀಲುಗಾರನ ತಂಡ ಮುಂಬಯಿಯ ತಾಜ್ ಹೋಟೆಲಿಗೆ ಬಂತು. ಆಮೇಲೆ ಟೆಡ್ಡಿ ವೆದರ್‌ಫರ್ಡ್ ಬಂದ, 1945ರಲ್ಲಿ ಕಲ್ಕತ್ತೆಯಲ್ಲೇ ತೀರಿಕೊಂಡ. ಇಂಥವರಿಂದ ಗೋವೆಯ ವಾದ್ಯಗಾರರು ಕಲಿತರು. ಅವರಲ್ಲಿ ಚಿಕ್ ಚಾಕೊಲೇಟ್ ಎಂಬ ಟ್ರಂಪೆಟ್ಟಿನವನು ಸಿ. ರಾಮಚಂದ್ರರ ಜೊತೆ ಸಿನಿಮಾಕ್ಕೆ ನುಡಿಸಿದ, 1951ರ 'ಅಲ್‌ಬೇಲಾ' ಹಾಡುಗಳಲ್ಲಿ ಆ ಜಾಝ್ ಕುಣಿಯುತ್ತದೆ. ಅಂಥ ಸಿನಿಮಾ ಧಾಟಿಗಳನ್ನೇ ನಮ್ಮ ಕಡೆಯ ಮದುವೆ ಬ್ಯಾಂಡಿನವರು, ಸಾಬರು, ನಮ್ಮವರು, ಕೆಂಪು ಕೋಟು ಹಾಕಿ ಬೀದಿಯಲ್ಲಿ ಊದಿದ್ದು. ನ್ಯೂ ಆರ್ಲಿಯನ್ಸಿನ ಓಣಿಯಿಂದ ಹೊರಟದ್ದು ಇಷ್ಟೆಲ್ಲ ಸುತ್ತಿ ಕೊನೆಗೆ ಓಣಿಯವರ ಬಾಯಿಗೇ ಬಂತು, ಯಾರಿಗೂ ಗೊತ್ತಾಗದ ಹಾಗೆ.

ಆರ್ಮ್‌ಸ್ಟ್ರಾಂಗನನ್ನು ಕೊನೆಕೊನೆಗೆ ಅವನ ಜನವೇ ಬೈದರು: ಬಿಳಿಯರ ಮುಂದೆ ಹಲ್ಲು ಕಿರಿಯುತ್ತಾನೆ ಅಂತ. ಆದರೆ 1957ರಲ್ಲಿ ಲಿಟಲ್ ರಾಕ್ ಎಂಬಲ್ಲಿ ಒಂಬತ್ತು ಕಪ್ಪು ಮಕ್ಕಳನ್ನು ಶಾಲೆಗೆ ಬಿಡದೆ ಗವರ್ನರನು ಸೈನಿಕರನ್ನು ನಿಲ್ಲಿಸಿದಾಗ, ಒಬ್ಬ ಕಾಲೇಜು ಹುಡುಗ, ಪತ್ರಿಕೆಗೆ ಬರೆಯುವವನು, ಹೋಟೆಲಿನಲ್ಲಿ ಹೋಗಿ ಕೇಳಿದ. ಆರ್ಮ್‌ಸ್ಟ್ರಾಂಗ್ ಸಿಟ್ಟಿನಿಂದ ಕೆಂಡವಾದ. ಅಧ್ಯಕ್ಷನಿಗೆ ಧೈರ್ಯವಿಲ್ಲ ಅಂದ. ನನ್ನ ಜನವನ್ನು ಹೀಗೆ ನಡೆಸಿಕೊಳ್ಳುವ ಸರಕಾರದ ಪರವಾಗಿ ರಷ್ಯಾಕ್ಕೆ ಹೋಗಿ ನುಡಿಸುವುದಿಲ್ಲ ಅಂದ. ಆ ದಿನ ಅವನು ಮಾಡಿದ್ದು ನಮ್ಮ ಓಣಿಯ ಆರು ಮನೆಯವರು ಮಾಡಿದ್ದೇ. ಎಲಿಂಗ್ಟನ್ 1963ರಲ್ಲಿ ಅದೇ ಸರಕಾರದ ಕಡೆಯಿಂದ ನಮ್ಮ ದೇಶಕ್ಕೂ ಬಂದು ನುಡಿಸಿದ. ಅವನು ಪ್ರವಾಸದಲ್ಲಿದ್ದಾಗಲೇ, ಸೆಪ್ಟೆಂಬರ್ 15ರಂದು, ಬರ್ಮಿಂಗ್‌ಹ್ಯಾಮಿನ ಇಗರ್ಜಿಯಲ್ಲಿ ಬಾಂಬು ಸಿಡಿದು ನಾಲ್ಕು ಕಪ್ಪು ಹುಡುಗಿಯರು ಸತ್ತರು. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಬಾರಿಸುವವನಿಗೆ ಪ್ರತಿ ಸಲವೂ ಹೊಸದಾಗಿ ತೀರ್ಮಾನ ಮಾಡಬೇಕಾಗುತ್ತದೆ, ಯಾರು ಕರೆದರು, ಹೋಗಬೇಕೋ ಬೇಡವೋ ಅಂತ.

ಹೋದ ಸೋಮವಾರ ಊರಿಗೆ ಹೋದೆ. ರಾತ್ರಿ ಉಂಡ ಮೇಲೆ ನಮ್ಮಪ್ಪನ ಕಿವಿಗೆ ಮೊಬೈಲು ಹಿಡಿದು 1923ರ ಆ ರೆಕಾರ್ಡು ಹಚ್ಚಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಮುಗಿದ ಮೇಲೆ, 'ಚಲೋ ಊದ್ಯಾರ. ಆದರ ಇದರಾಗ ಬಡಿಯಾಂವ ಎಲ್ಲಿ ಹೋದ? ಬರೇ ಕಟ್ಟಿಗಿ ಕುಟ್ಟಿದಂಗ ಕೇಳತೈತಿ' ಅಂದ. ನನ್ನ ಮೈ ಜುಮ್ಮೆಂದಿತು. ನೂರು ವರ್ಷದ ಹಿಂದೆ ಬಿಡಿಸಿದ ಡ್ರಮ್ಮು ಇಲ್ಲ ಅನ್ನುವುದು ನಮ್ಮಪ್ಪನಿಗೆ ಒಂದೇ ಸಲಕ್ಕೆ ಕೇಳಿಸಿತ್ತು. ಮುಳ್ಳಿನ ಸಂಗತಿ ಹೇಳಿದೆ. ನಕ್ಕ.

'ಆ ಮುಖ್ಯಸ್ಥ ಇದ್ದನಲ್ಲ, ಆಲಿವರ, ಅವಗ ರೊಕ್ಕ ಬಂತೇನು?'

'ಇಲ್ಲ ಯಪ್ಪಾ. ಹಲ್ಲು ವಸಡು ಕೆಟ್ಟು ಊದಾಕ ಬರದಂಗಾತು. ಕಡೀಕೆ ಒಂದು ಆಟದ ಮನೆಯಾಗ ಕಸ ಹೊಡಕೋತ ಇದ್ದು 1938ರಾಗ ತೀರಿಕೊಂಡ.'

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಏಣಿ ಹಾಕಿ ಅಟ್ಟ ಹತ್ತಿದ. ಗೋಣಿ ಬಿಚ್ಚಿದರೆ ತೊಗಲಿಗೆ ಇಲಿ ಬಾಯಿ ಹಾಕಿತ್ತು, ಬಳೆ ಗಟ್ಟಿ ಇತ್ತು. ಆಗ ಕೇಳಿದೆ, ಅವತ್ತು ಇದನ್ನ ಯಾಕ ಸುಡಲಿಲ್ಲ ಅಂತ. 'ಅವರು ಕರದಾಗ ಹೋಗಂಗಿಲ್ಲ ಅಂದಿದ್ದು. ಹಲಗಿ ಏನ್ ತಪ್ಪು ಮಾಡಿತ್ತು?' ಅಂದ.

ತಮ್ಮಾ, ಹಿಂದಿನ ಸಾಲಿನವನೇ, ನೀನು ಬಾರಿಸಬೇಕಾಗಿಲ್ಲ. ಬಾರಿಸು ಅಂತ ನಾವು ನಿನ್ನ ಮೇಲೆ ಒತ್ತಾಯ ಹಾಕಿದರೆ ನಮಗೂ ಊರ ಗೌಡರಿಗೂ ಏನು ವ್ಯತ್ಯಾಸ? ನೀನು ಬ್ಯಾನರ್ ಹಿಡಿ, ಇಲ್ಲವೇ ಸುಮ್ಮನೆ ನಡೆ. ನಮ್ಮಪ್ಪ 14ಕ್ಕೆ ಬರುತ್ತೇನೆ ಅಂದಿದ್ದಾನೆ, ಜೊತೆಗೆ ಆ ಆರು ಮನೆಯವರಲ್ಲಿ ಉಳಿದ ಇನ್ನಿಬ್ಬರು. ಮೂರು ಕರಾರು ಹಾಕಿದ್ದಾನೆ. ಬಿಟ್ಟಿ ಬಾರಿಸುವುದಿಲ್ಲ, ಮೂವರಿಗೂ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು ಕೊಡಬೇಕು. ಯಾವ ಸಾಹುಕಾರನ ಮನೆ ಮುಂದೆ ಹಾರ ಹಾಕಿಸಿಕೊಳ್ಳಲು ಮೆರವಣಿಗೆ ನಿಂತರೂ ಅಲ್ಲಿ ಬಾರಿಸುವುದಿಲ್ಲ. ಡಿಜೆ ಪಕ್ಕದಲ್ಲಿ ಇರಬಾರದು, ಅದರ ಗದ್ದಲದಲ್ಲಿ ಎಡಗೈ ಕಡ್ಡಿ ಕೇಳುವುದಿಲ್ಲವಂತೆ.

ಚಂದಾ ಪುಸ್ತಕ ಇಲ್ಲಿ ಮೇಜಿನ ಮೇಲಿದೆ. ತಲೆಗೆ ಹತ್ತು ರೂಪಾಯಿ ಸಾಕು. ಹೊಸ ತೊಗಲು ಬಿಗಿಯುವುದು ನಡೆದಿದೆ, ಇನ್ನೂ ಹಸಿ ಇದೆ. ಅದಕ್ಕೆ ಬೆಳಿಗ್ಗೆ ಮೆರವಣಿಗೆ ಹೊರಡುವ ಮೊದಲು ಕಾಸಬೇಕು. ಕ್ಯಾಂಪಿನ ಕಡೆಯಿಂದ ಬರುವವರು ಒಂದು ಹೊರೆ ಒಣ ಭತ್ತದ ಹುಲ್ಲು ತಂದಿಡಿ.